ಅಂತರಜಾಲ ಕಲಿಕಾ ವೇದಿಕೆಯಲ್ಲಿ ಶಿಕ್ಷಕರ ಮೊದಲ ಹೆಜ್ಜೆಗಳು: ಕನ್ನಡ ಮಾಧ್ಯಮದ ನೆಲೆಯಿಂದ ಒಂದು ವಿವೇಚನೆ

ಶಿಕ್ಷಕರಿಗೆ ಅಂತರಜಾಲ ಕಲಿಕಾ ವೇದಿಕೆಯನ್ನು ಪರಿಚಯಿಸುವ ಕೈಪಿಡಿಗಳು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಆರಂಭವಾಗುತ್ತವೆ. ಮೊದಲು ಜಾಲತಾಣದ ವಿಳಾಸ, ಬಳಕೆದಾರರ ಹೆಸರು, ಗುಪ್ತಪದ. ಅನಂತರ ಪರದೆಯ ಎಡಭಾಗದಲ್ಲಿ ಏನಿದೆ, ಬಲಭಾಗದಲ್ಲಿ ಏನಿದೆ ಎಂಬ ವಿವರ. ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಬಾಗಿಲು ತೆರೆಯದೆ ಮನೆಯೊಳಗೆ ಹೋಗಲಾಗದು. ಆದರೆ ಹೀಗೆ ಪರಿಚಯ ಪಡೆದವರಲ್ಲಿ ಹಲವರು ತರಬೇತಿಯ ಕೊನೆಯ ದಿನ ಕಳೆದ ಮೇಲೆ ಆ ಬಾಗಿಲನ್ನು ಮತ್ತೆ ತೆರೆಯುವುದಿಲ್ಲ ಎಂಬುದು ಶಿಕ್ಷಕರ ತರಬೇತಿಯಲ್ಲಿ ತೊಡಗಿಕೊಂಡವರೆಲ್ಲ ಬಲ್ಲ ಸಂಗತಿ. ಇದಕ್ಕೆ ಶಿಕ್ಷಕರ ನಿರಾಸಕ್ತಿಯನ್ನೋ ವಯಸ್ಸನ್ನೋ ಕಾರಣವೆಂದು ಹೇಳುವುದು ವಾಡಿಕೆ. ಪ್ರಸ್ತುತ ಲೇಖನವು ಕಾರಣವನ್ನು ಬೇರೆಡೆ ಹುಡುಕುತ್ತದೆ. ಶಿಕ್ಷಕನೊಬ್ಬ ಇಂತಹ ವೇದಿಕೆಯಲ್ಲಿ ನಿಜವಾಗಿ ತೊಡಗುವುದು ಒಳಪ್ರವೇಶಿಸಿದ ಕ್ಷಣದಲ್ಲಲ್ಲ. ತನ್ನದೇ ಪಾಠವೊಂದನ್ನು ತನ್ನದೇ ಲಿಪಿಯಲ್ಲಿ ಅಲ್ಲಿಟ್ಟು, ವಿದ್ಯಾರ್ಥಿಯೊಬ್ಬ ಬರೆದ ಉತ್ತರಕ್ಕೆ ತಾನು ಮರುನುಡಿದ ಕ್ಷಣದಲ್ಲಿ. ಅಲ್ಲಿಯವರೆಗಿನ ಹಾದಿಯಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರು ಎದುರಿಸುವ ತೊಡಕುಗಳು ಯಾವುವು, ಅವುಗಳಲ್ಲಿ ನೆರವಾಗುವುದು ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ದೂರದಿಂದ ಶಿಕ್ಷಕರಿಗೆ ತರಬೇತಿ ನೀಡುವುದು ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಆ ಪ್ರಯೋಗದ ಅಂಗವಾಗಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ರಜೆಯ ಅವಧಿಯಲ್ಲಿ ವಿಜ್ಞಾನ ಬೋಧನೆಯ ತರಬೇತಿಯನ್ನೂ ನೀಡಲಾಯಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಆರಂಭಿಕ ಬಳಕೆದಾರರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿತ್ತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಆ ಸೌಲಭ್ಯ ವಿಸ್ತರಿಸಿತು. ಇವೆಲ್ಲವುಗಳಲ್ಲಿ ಶಿಕ್ಷಕನ ಪಾತ್ರ ಮುಖ್ಯವಾಗಿ ಕೇಳುಗನದು, ನೋಡುಗನದು. ಪೆಟ್ಟಿಗೆಯನ್ನು ಚಾಲನೆ ಮಾಡಿ ಮಕ್ಕಳನ್ನು ಅದರ ಮುಂದೆ ಕೂರಿಸುವುದು ಅವನ ಕೆಲಸವಾಗಿತ್ತು. ಪಾಠ ಬೇರೆಲ್ಲೋ ಸಿದ್ಧವಾಗುತ್ತಿತ್ತು. ಅಂತರಜಾಲ ಕಲಿಕಾ ವೇದಿಕೆ ಈ ಸಂಬಂಧವನ್ನು ಬದಲಿಸಬಲ್ಲದು. ಬದಲಿಸಿಯೇ ಬಿಡುತ್ತದೆ ಎನ್ನಲಾಗದು. ಅದು ವೇದಿಕೆಯ ಸ್ವರೂಪವನ್ನು ಅವಲಂಬಿಸಿದೆ.

ಈ ಸ್ವರೂಪಭೇದವನ್ನು ತಿಳಿಯಲು ಇಂದು ಬಳಕೆಯಲ್ಲಿರುವ ಎರಡು ವೇದಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೊದಲನೆಯದು ಮೂಡಲ್. ಕನ್ನಡ ಕಿವಿಗೆ ಪೂರ್ವದಿಕ್ಕನ್ನು ನೆನಪಿಸುವ ಈ ಹೆಸರು ವಾಸ್ತವವಾಗಿ ಇಂಗ್ಲಿಷಿನ ಉದ್ದನೆಯ ಪದಪುಂಜವೊಂದರ ಸಂಕ್ಷೇಪ. ಇದರ ಕರ್ತೃ ಮಾರ್ಟಿನ್ ಡೂಗಿಯಾಮಸ್ ಪಶ್ಚಿಮ ಆಸ್ಟ್ರೇಲಿಯದ ಒಳನಾಡಿನಲ್ಲಿ ರೇಡಿಯೊ ಮೂಲಕ ಪಾಠ ಕೇಳುತ್ತ ಬೆಳೆದವರು. ಮುಂದೆ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಕಲಿಕಾ ತಂತ್ರಾಂಶವೊಂದನ್ನು ನಿರ್ವಹಿಸುತ್ತಿದ್ದಾಗ ಅದರ ಮಿತಿಗಳನ್ನು ಕಂಡು ಸ್ವಂತ ವೇದಿಕೆಯನ್ನು ಕಟ್ಟಲು ತೊಡಗಿದರು. 2002ರ ಆಗಸ್ಟ್‌ನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದು ಮುಕ್ತ ತಂತ್ರಾಂಶವಾದ್ದರಿಂದ ಯಾವ ಶಾಲೆಯಾದರೂ ತನ್ನ ಗಣಕದಲ್ಲಿ ಅದನ್ನು ಸ್ಥಾಪಿಸಿಕೊಳ್ಳಬಹುದು. ಇನ್ನೊಬ್ಬರಿಗಾಗಿ ಏನನ್ನಾದರೂ ರಚಿಸುವಾಗಲೇ ಮನುಷ್ಯ ಚೆನ್ನಾಗಿ ಕಲಿಯುತ್ತಾನೆ ಎಂಬ ಶೈಕ್ಷಣಿಕ ನಿಲುವು ಅದರ ವಿನ್ಯಾಸದ ಹಿಂದಿದೆ. ಎರಡನೆಯದು 2017ರ ಸೆಪ್ಟೆಂಬರ್ 5ರಂದು ಆರಂಭವಾದ ಭಾರತ ಸರ್ಕಾರದ ದೀಕ್ಷಾ. ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯು.ಆರ್. ಸಂಕೇತವನ್ನು ದೂರವಾಣಿಯಿಂದ ಓದಿಸಿದರೆ ಸಂಬಂಧಿಸಿದ ಪಾಠ ಸಾಮಗ್ರಿ ತೆರೆದುಕೊಳ್ಳುವ ವ್ಯವಸ್ಥೆ ಇದರದು. 2020ರ ಅಕ್ಟೋಬರ್‌ನಲ್ಲಿ ನಿಷ್ಠಾ ತರಬೇತಿಯ ಅಂತರಜಾಲ ರೂಪವೂ ಇದೇ ವೇದಿಕೆಯ ಮೇಲೆ ಆರಂಭವಾಯಿತು. ಪ್ರಾಥಮಿಕ ಹಂತದ ಶಿಕ್ಷಕರಿಗೆ ಅದರಲ್ಲಿ 18 ಘಟಕಗಳಿದ್ದವು.

ಮೂಡಲ್‌ನಲ್ಲಿ ಶಿಕ್ಷಕ ತರಗತಿಯ ಒಡೆಯ. ದೀಕ್ಷಾದಲ್ಲಿ ಅವನು ಹೆಚ್ಚಿನ ಸಂದರ್ಭಗಳಲ್ಲಿ ಸಿದ್ಧ ಸಾಮಗ್ರಿಯ ಬಳಕೆದಾರ, ಇಲ್ಲವೇ ಸ್ವತಃ ತರಬೇತಿ ಪಡೆಯುವವನು. ಎರಡೂ ಉಪಯುಕ್ತವೇ. ಆದರೆ ತರಬೇತಿಗಳಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸದೆ, ಘಟಕಗಳನ್ನು ಪೂರೈಸಿ ಪ್ರಮಾಣಪತ್ರ ಪಡೆದವರನ್ನು ‘ಅಂತರಜಾಲ ಬೋಧನೆಗೆ ಸಜ್ಜಾದವರು’ ಎಂದು ಎಣಿಸುವ ಪ್ರವೃತ್ತಿ ಇದೆ. ನೋಡಿದ್ದಕ್ಕೆ ಪ್ರಮಾಣಪತ್ರ ಕೊಡಬಹುದು. ಬೋಧಿಸಲು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗದು. ಯುನೆಸ್ಕೋ ಸಂಸ್ಥೆಯು 2008ರಲ್ಲಿ ಪ್ರಕಟಿಸಿ, 2011 ಮತ್ತು 2018ರಲ್ಲಿ ಪರಿಷ್ಕರಿಸಿದ ಶಿಕ್ಷಕರ ತಂತ್ರಜ್ಞಾನ ಸಾಮರ್ಥ್ಯದ ಚೌಕಟ್ಟು ಜ್ಞಾನದ ಗಳಿಕೆ, ಜ್ಞಾನದ ಆಳ, ಜ್ಞಾನದ ಸೃಷ್ಟಿ ಎಂಬ ಮೂರು ಮಟ್ಟಗಳನ್ನು ಗುರುತಿಸುತ್ತದೆ. ನಮ್ಮ ತರಬೇತಿಗಳು ಬಹುಮಟ್ಟಿಗೆ ಮೊದಲನೆಯ ಮಟ್ಟದಲ್ಲೇ ನಿಲ್ಲುತ್ತವೆ. ಆದಕಾರಣ ಈ ಲೇಖನದ ಮುಂದಿನ ಭಾಗದಲ್ಲಿ, ಶಿಕ್ಷಕ ತಾನೇ ತರಗತಿಯನ್ನು ಕಟ್ಟಬೇಕಾದ ಮೂಡಲ್‌ನಂತಹ ವೇದಿಕೆಯನ್ನೇ ಮುಖ್ಯವಾಗಿ ಗಮನದಲ್ಲಿರಿಸಿಕೊಳ್ಳಲಾಗಿದೆ.

ಆರಂಭದ ಹಂತಗಳನ್ನು ಕುರಿತು ವ್ಯವಸ್ಥಿತವಾಗಿ ಚಿಂತಿಸಿದವರಲ್ಲಿ ಬ್ರಿಟನ್ನಿನ ಗಿಲ್ಲಿ ಸಾಲ್ಮನ್ ಪ್ರಮುಖರು. ಅಲ್ಲಿನ ಮುಕ್ತ ವಿಶ್ವವಿದ್ಯಾಲಯದ ಅನುಭವದ ಆಧಾರದ ಮೇಲೆ 2000ದಲ್ಲಿ ಪ್ರಕಟಿಸಿದ ಕೃತಿಯಲ್ಲಿ ಅವರು ಐದು ಮೆಟ್ಟಿಲುಗಳನ್ನು ಹೇಳುತ್ತಾರೆ: ಪ್ರವೇಶ ಮತ್ತು ಪ್ರೇರಣೆ, ಪರಸ್ಪರ ಪರಿಚಯ, ಮಾಹಿತಿಯ ವಿನಿಮಯ, ಜ್ಞಾನದ ನಿರ್ಮಾಣ, ಸ್ವತಂತ್ರ ಬೆಳವಣಿಗೆ. ಈ ಮಾದರಿಯಲ್ಲಿ ನಮಗೆ ಅತ್ಯಂತ ಉಪಯುಕ್ತವಾದುದು ಮೊದಲೆರಡು ಮೆಟ್ಟಿಲುಗಳಿಗೆ ಅವರು ಕೊಟ್ಟ ಮಹತ್ವ. ಪ್ರವೇಶದ ತೊಡಕು ನೋಡಲು ಸಣ್ಣದು. ಆದರೆ ಗುಪ್ತಪದ ಮರೆತ ಹಿರಿಯ ಶಿಕ್ಷಕಿಯೊಬ್ಬರು ಪ್ರತಿಸಲವೂ ಕಿರಿಯ ಸಹೋದ್ಯೋಗಿಯ ಎದುರು ನಿಲ್ಲಬೇಕಾದಾಗ ಅಲ್ಲಿ ಸೋಲುವುದು ತಂತ್ರಜ್ಞಾನವಲ್ಲ, ಅವರ ಆತ್ಮಗೌರವ. ಗುಪ್ತಪದವನ್ನು ತಾವೇ ಮರಳಿ ಪಡೆಯುವ ಕ್ರಮವನ್ನು ಮೊದಲ ದಿನವೇ ಎರಡು ಮೂರು ಬಾರಿ ಮಾಡಿಸಿದರೆ ಈ ಪರಾವಲಂಬನೆ ಬಹುಮಟ್ಟಿಗೆ ತಪ್ಪುತ್ತದೆ. ಪಾಠ ಮಾಡಿ ಒಪ್ಪಿಸುವ ವಿಷಯವಲ್ಲ ಇದು, ಕೈಯಿಂದ ಮಾಡಿಸಬೇಕಾದುದು.

ಎರಡನೆಯ ಮಾತು, ಶಿಕ್ಷಕರು ಮೊದಲು ವಿದ್ಯಾರ್ಥಿಗಳಾಗಿ ವೇದಿಕೆಯನ್ನು ಪ್ರವೇಶಿಸಬೇಕು. ಮೂಡಲ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರವಿರುತ್ತದೆ. ಶಿಕ್ಷಕನ ಪಾತ್ರದಲ್ಲಿ ಕಾಣುವ ಪರದೆಗೂ ವಿದ್ಯಾರ್ಥಿಯ ಪಾತ್ರದಲ್ಲಿ ಕಾಣುವ ಪರದೆಗೂ ಬಹಳ ಅಂತರವಿದೆ. ತಾನು ಮರೆಮಾಡಿಟ್ಟ ಪುಟವನ್ನು ಮಕ್ಕಳು ನೋಡಲಾರರು ಎಂಬುದನ್ನು ಅರಿಯದೆ, ‘ಪಾಠ ಹಾಕಿದ್ದೇನೆ, ಯಾರೂ ಓದಲಿಲ್ಲ’ ಎಂದು ಕೊರಗುವ ಪ್ರಸಂಗಗಳು ಹುಟ್ಟುವುದು ಇಲ್ಲಿಯೇ. ಶಿಕ್ಷಕರು ತಾತ್ಕಾಲಿಕವಾಗಿ ವಿದ್ಯಾರ್ಥಿಯ ಪಾತ್ರಕ್ಕೆ ಬದಲಾಗಿ ನೋಡುವ ಸೌಲಭ್ಯವನ್ನು ವೇದಿಕೆಯೇ ಒದಗಿಸಿದೆ. ಆದರೂ ಒಂದು ವಾರದ ಪುಟ್ಟ ತರಗತಿಯಲ್ಲಿ ಅವರನ್ನು ನಿಜವಾಗಿಯೇ ವಿದ್ಯಾರ್ಥಿಗಳನ್ನಾಗಿ ಸೇರಿಸಿ, ಉತ್ತರ ಬರೆಯಿಸಿ, ಆ ಉತ್ತರಕ್ಕೆ ಯಾರಾದರೂ ಸ್ಪಂದಿಸುವರೇ ಎಂದು ಕಾಯುವ ಅನುಭವವನ್ನು ಕೊಡುವುದು ಮೇಲು. ಎರಡು ದಿನ ಪ್ರತಿಕ್ರಿಯೆ ಬಾರದಿದ್ದರೆ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಯಾವ ಕೈಪಿಡಿಯೂ ತಿಳಿಸಲಾರದು.

ಇನ್ನು, ಕನ್ನಡ ಮಾಧ್ಯಮದ ಶಿಕ್ಷಕರಿಗೆ ವಿಶಿಷ್ಟವಾದ, ಇಂಗ್ಲಿಷ್ ಕೈಪಿಡಿಗಳಲ್ಲಿ ಸುಳಿವೂ ಇಲ್ಲದ ಸಮಸ್ಯೆಯೊಂದನ್ನು ಸ್ವಲ್ಪ ವಿಸ್ತಾರವಾಗಿ ಗಮನಿಸಬೇಕು. ಅದು ಲಿಪಿಯ ಸಂಕೇತೀಕರಣದ ಸಮಸ್ಯೆ. 1998ರಲ್ಲಿ ಬರಹ ತಂತ್ರಾಂಶವೂ ಅನಂತರದ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂದ ಮೇಲೆ ಕನ್ನಡ ಶಿಕ್ಷಕರು ಗಣಕದಲ್ಲಿ ಹೇರಳವಾಗಿ ಬರೆಯತೊಡಗಿದರು. ಪಾಠ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು, ಘಟಕ ಪರೀಕ್ಷೆಗಳು, ಶಾಲಾ ವಾರ್ಷಿಕೋತ್ಸವದ ನಾಟಕಗಳು ಹೀಗೆ ಎರಡು ದಶಕಗಳ ಬರವಣಿಗೆ ಪೆನ್‌ಡ್ರೈವ್‌ಗಳಲ್ಲಿ, ಶಾಲೆಯ ಹಳೆಯ ಗಣಕಗಳಲ್ಲಿ ಉಳಿದಿದೆ. ಇದರ ಬಹುಪಾಲು ಯೂನಿಕೋಡ್‌ಗೆ ಮುಂಚಿನ ಅಕ್ಷರಶೈಲಿಯ ಸಂಕೇತಗಳಲ್ಲಿದೆ. ಆ ಪದ್ಧತಿಯಲ್ಲಿ ಗಣಕವು ಉಳಿಸಿಕೊಳ್ಳುವುದು ಕನ್ನಡದ ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಣುಕುಗಳನ್ನು. ಆ ತುಣುಕುಗಳಿಗೆ ಬಳಕೆಯಾದುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನಗಳು. ನುಡಿಯ ಅಕ್ಷರಶೈಲಿ ಇರುವಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ವೇದಿಕೆಯ ಪುಟಕ್ಕೆ ನಕಲು ಮಾಡಿ ಅಂಟಿಸಿದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಖಂಡವಿದೆ. ಅಲ್ಲಿ ‘ಕ’ ಎಂದರೆ ಎಲ್ಲೆಡೆಯೂ ‘ಕ’ವೇ.

ಮೊದಲ ದಿನ ಉತ್ಸಾಹದಿಂದ ತಮ್ಮ ಹಳೆಯ ಟಿಪ್ಪಣಿಯನ್ನು ಅಂಟಿಸಿ, ಪರದೆಯ ಮೇಲೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದುದನ್ನು ಕಂಡ ಶಿಕ್ಷಕರು ಸಹಜವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಈ ವೇದಿಕೆ ಕನ್ನಡಕ್ಕೆ ಒಗ್ಗದು, ಅಥವಾ ನಮಗೆ ಇದು ಬಾರದು. ಎರಡೂ ತಪ್ಪು. ಇಲ್ಲಿ ಬೇಕಾದುದು ಪರಿವರ್ತನೆ. ನುಡಿ ಮತ್ತು ಬರಹ ಸಂಕೇತಗಳಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಲಭ್ಯವಿವೆ. ಆದರೆ ಪರಿವರ್ತನೆಯ ಬಳಿಕ ಒಮ್ಮೆ ಓದಿ ತಿದ್ದುವುದು ಅನಿವಾರ್ಯ. ಕಾರಣವನ್ನು ಎರಡು ಪದಗಳಿಂದ ವಿವರಿಸಬಹುದು. ‘ಅಕ್ಕಿ’ ಎಂಬಲ್ಲಿ ಹಳೆಯ ಪದ್ಧತಿಯು ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು ‘ಕಿ’ಯನ್ನೂ ಆಮೇಲೆ ಅದರ ಕೆಳಗಿನ ಒತ್ತನ್ನೂ ಇಡುತ್ತದೆ, ಯೂನಿಕೋಡು ಉಚ್ಚಾರಣೆಯ ಕ್ರಮದಲ್ಲಿ ಎರಡು ಕಕಾರಗಳನ್ನು ಮೊದಲಿಟ್ಟು ಸ್ವರಚಿಹ್ನೆಯನ್ನು ಕೊನೆಗೆ ಇಡುತ್ತದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಹಿಂದಿನ ಪದ್ಧತಿಯಲ್ಲಿ ಯಕಾರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫವು ಅದರ ಮೊದಲೇ ಬರಬೇಕು. ಹೀಗೆ ಕ್ರಮವನ್ನು ತಿರುಗಿಸುವಾಗ, ವಿಶೇಷವಾಗಿ ಮೂರು ವ್ಯಂಜನಗಳು ಕೂಡಿದಲ್ಲಿ, ಸಾಧನಗಳು ಎಡವುವ ಸಂಭವವಿದೆ. ಹಳಗನ್ನಡ ಪದ್ಯಗಳಿರುವ ಟಿಪ್ಪಣಿಗಳಲ್ಲಿ ಱ ಮತ್ತು ೞ ಅಕ್ಷರಗಳನ್ನೂ ಪರಿಶೀಲಿಸಬೇಕು. ಶಿಕ್ಷಕರ ಕೀಲಿಮಣೆಯ ಅಭ್ಯಾಸ ಮಾತ್ರ ಬದಲಾಗಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಗೆ ಬಂದ ವಿನ್ಯಾಸದಲ್ಲೇ ಯೂನಿಕೋಡ್ ಬರೆಯಬಹುದು. ‘ನೀವು ಕಲಿತದ್ದು ವ್ಯರ್ಥವಾಗಲಿಲ್ಲ’ ಎಂಬ ಈ ಒಂದು ಭರವಸೆ ಹಲವು ಗಂಟೆಗಳ ಉಪನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈ ಪರಿವರ್ತನೆಯನ್ನು ತರಬೇತಿಯ ಅನುಬಂಧವೆಂದು ಭಾವಿಸದೆ ಆರಂಭವೆಂದೇ ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಹಳೆಯ ಗಣಕಗಳು ಕೆಟ್ಟು ಮೂಲೆ ಸೇರಿದಂತೆ ಅವುಗಳೊಳಗಿನ ಶಿಕ್ಷಕರ ಬರವಣಿಗೆಯೂ ಕಣ್ಮರೆಯಾಗುತ್ತಿದೆ. ಜಿಲ್ಲೆ ಜಿಲ್ಲೆಯ ಆಡುನುಡಿಯ ಉದಾಹರಣೆಗಳು, ಸ್ಥಳೀಯ ಬೆಳೆ, ಕೆರೆ, ಜಾತ್ರೆಗಳನ್ನು ಬಳಸಿ ರಚಿಸಿದ ಗಣಿತದ ಲೆಕ್ಕಗಳು ಯಾವ ಕೇಂದ್ರೀಯ ಭಂಡಾರದಲ್ಲೂ ಸಿಗುವಂಥವಲ್ಲ.

ಸಾಮಗ್ರಿ ಸಿದ್ಧವಾದ ಮೇಲೆ ಮೊದಲ ತರಗತಿಯನ್ನು ಎಷ್ಟು ಚಿಕ್ಕದಾಗಿಟ್ಟರೆ ಅಷ್ಟು ಒಳ್ಳೆಯದು: ಒಂದು ಪುಟ, ಒಂದು ಪ್ರಶ್ನೆ, ಅದಕ್ಕೆ ಬಂದ ಉತ್ತರಗಳಿಗೆ ಶಿಕ್ಷಕರ ಮರುನುಡಿ. ಮೂಡಲ್ ತನ್ನಲ್ಲಿರುವುದನ್ನು ‘ಸಂಪನ್ಮೂಲ’ ಮತ್ತು ‘ಚಟುವಟಿಕೆ’ ಎಂದು ವಿಭಾಗಿಸುತ್ತದೆ. ವಿದ್ಯಾರ್ಥಿ ಓದುವುದು ಅಥವಾ ನೋಡುವುದು ಸಂಪನ್ಮೂಲ, ಮಾಡುವುದು ಚಟುವಟಿಕೆ. ಹೊಸಬರು ಸಂಪನ್ಮೂಲಗಳನ್ನೇ ಪೇರಿಸುತ್ತ ಹೋಗುವುದು ಸಾಮಾನ್ಯ. ಅದರಲ್ಲೂ ಪುಸ್ತಕದ ಪುಟಗಳ ಛಾಯಾಚಿತ್ರ ತೆಗೆದು ಏರಿಸುವುದು ಸುಲಭವೆನಿಸುತ್ತದೆ. ಆದರೆ ಅಂತಹ ಕಡತದ ಗಾತ್ರ ದೊಡ್ಡದು, ಅದರೊಳಗೆ ಪದವನ್ನು ಹುಡುಕಲಾಗದು, ದೃಷ್ಟಿದೋಷವುಳ್ಳ ಮಗುವಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕದು. ಅದೇ ಪಾಠವನ್ನು ಯೂನಿಕೋಡ್ ಕನ್ನಡದಲ್ಲಿ ಪುಟವಾಗಿ ಬರೆದರೆ ದುರ್ಬಲ ಸಂಪರ್ಕದಲ್ಲೂ ಬೇಗನೆ ತೆರೆದುಕೊಳ್ಳುತ್ತದೆ. ಯುಡೈಸ್ ಪ್ಲಸ್ ವರದಿಯಂತೆ ದೇಶದ ಶಾಲೆಗಳಲ್ಲಿ ಅಂತರಜಾಲ ಸೌಲಭ್ಯವಿದ್ದವು 2021-22ರಲ್ಲಿ ಶೇ. 33.9, 2023-24ರಲ್ಲಿ ಶೇ. 53.9. ಏರಿಕೆ ನಿಜ, ಆದರೆ ಉಳಿದ ಅರ್ಧದ ಹತ್ತಿರದಷ್ಟು ಶಾಲೆಗಳನ್ನು ಮರೆಯಲಾಗದು. ಅಂಗೈಯಗಲದ ಅಗ್ಗದ ಗಣಕವೊಂದರಲ್ಲಿ ಮೂಡಲ್ ಸ್ಥಾಪಿಸಿ, ಅಂತರಜಾಲವಿಲ್ಲದೆಯೇ ಶಾಲೆಯ ಆವರಣದೊಳಗೆ ನಡೆಸುವ ವಿಧಾನವೂ ಇದೆ. ಮೊಬೈಲ್ ಆನ್ವಯಿಕದಲ್ಲಿ ಪಾಠವನ್ನು ಒಮ್ಮೆ ಇಳಿಸಿಕೊಂಡು ಸಂಪರ್ಕವಿಲ್ಲದಾಗ ಓದಲೂಬಹುದು.

ಪ್ರಶ್ನೆ ರಚಿಸುವಾಗ ಕನ್ನಡದ ವ್ಯಾಕರಣವೇ ಮುಂದೆ ಬಂದು ನಿಲ್ಲುತ್ತದೆ. ಕಿರು ಉತ್ತರದ ಪ್ರಶ್ನೆಯಲ್ಲಿ ಯಂತ್ರವು ವಿದ್ಯಾರ್ಥಿ ಬರೆದುದನ್ನು ಶಿಕ್ಷಕ ಕೊಟ್ಟ ಮಾದರಿಯೊಡನೆ ಅಕ್ಷರಶಃ ಹೋಲಿಸುತ್ತದೆ. ತಲಕಾವೇರಿಯಲ್ಲಿ ಹುಟ್ಟುವ ನದಿ ಯಾವುದು ಎಂಬುದಕ್ಕೆ ‘ಕಾವೇರಿ’ ಎಂದು ಮಾದರಿ ಕೊಟ್ಟಿದ್ದರೆ, ‘ಕಾವೇರಿ ನದಿ’ ಎಂದೋ ‘ಕಾವೇರಿಯು’ ಎಂದೋ ಸರಿಯಾಗಿ ಬರೆದ ಮಗುವಿಗೆ ಸೊನ್ನೆ ಬರುತ್ತದೆ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಇದು ಇಂಗ್ಲಿಷಿಗಿಂತ ದೊಡ್ಡ ಸಮಸ್ಯೆ. ಮಾದರಿ ಉತ್ತರದ ಕೊನೆಯಲ್ಲಿ ನಕ್ಷತ್ರ ಚಿಹ್ನೆಯನ್ನು ಸೇರಿಸಿದರೆ ಅದರ ಮುಂದೆ ಏನು ಬಂದರೂ ಯಂತ್ರ ಒಪ್ಪುತ್ತದೆ. ಆದರೆ ‘ಅಲ್ಲ’ ಎಂದು ಮುಂದುವರಿಸಿದ ಉತ್ತರವನ್ನೂ ಒಪ್ಪಿಬಿಡುತ್ತದೆ ಎಂಬ ಎಚ್ಚರವಿರಬೇಕು. ಅರ್ಧಾಕ್ಷರದ ಬಳಿಕ ಒತ್ತು ಮೂಡದಂತೆ ತಡೆಯಲು ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆಯೂ ಹೋಲಿಕೆಯನ್ನು ಕೆಡಿಸಬಲ್ಲದು. ‘ಸಾಫ್ಟ್‌ವೇರ್’ ಇದಕ್ಕೆ ಉದಾಹರಣೆ. ಅಂಕಿಗಳನ್ನು ಬಯಸುವ ಪ್ರಶ್ನೆಗಳಲ್ಲಿ 12 ಎಂದು ಬರೆಯಬೇಕೇ ಹೊರತು ೧೨ ಎಂದಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕಾಗುತ್ತದೆ. ಇವೆಲ್ಲ ಗಣಕ ತಜ್ಞರಿಗಿಂತ ಕನ್ನಡ ಶಿಕ್ಷಕರಿಗೇ ಬೇಗ ಹೊಳೆಯುವ ವಿಚಾರಗಳು. ತರಬೇತಿಯಲ್ಲಿ ಅವರನ್ನು ಬರಿಯ ಕಲಿಯುವವರೆಂದು ಕಾಣದಿರಲು ಇದೂ ಒಂದು ಕಾರಣ.

ತರಬೇತಿಯ ನಂತರದ ದಿನಗಳ ಬಗ್ಗೆ ಎರಡು ಮಾತು. ರಾಜ್ಯ ಮಟ್ಟದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಎಂಬ ಇಳಿಜಾರಿನ ಕ್ರಮದಲ್ಲಿ ವಿಷಯ ಪ್ರತಿ ಹಂತದಲ್ಲೂ ಸೋರುತ್ತದೆ. ಶಿಕ್ಷಕರಿಗೆ ಸಂದೇಹ ಬರುವುದು ತರಬೇತಿಯ ದಿನವಲ್ಲ. ಮೂರನೆಯ ವಾರದಲ್ಲಿ, ನಲವತ್ತು ಉತ್ತರಗಳು ಒಟ್ಟಿಗೆ ಬಂದು ಅಂಕ ಹಾಕುವುದು ಎಲ್ಲಿ ಎಂದು ತಿಳಿಯದಾದಾಗ. ಆಗ ಕೇಳಲು ಹತ್ತಿರದಲ್ಲಿ ಒಬ್ಬರಿರಬೇಕು. ನಮ್ಮಲ್ಲಿ ಸಮೂಹ ಸಂಪನ್ಮೂಲ ಕೇಂದ್ರಗಳ ಜಾಲ ಈಗಾಗಲೇ ಇದೆ. ಅಲ್ಲಿನ ಸಭೆಗಳಲ್ಲಿ ಅಂಕಿಅಂಶ ಸಂಗ್ರಹದ ಜೊತೆಗೆ ಒಂದು ಗಂಟೆಯನ್ನು, ಶಿಕ್ಷಕರು ತಮ್ಮ ತಮ್ಮ ತರಗತಿಯ ಪುಟಗಳನ್ನು ಪರಸ್ಪರ ತೋರಿಸಿಕೊಳ್ಳಲು ಮೀಸಲಿಟ್ಟರೆ ಪ್ರತ್ಯೇಕ ವೆಚ್ಚವೇನೂ ಇಲ್ಲ. ಶಿಕ್ಷಕರೇ ಸೇರಿ ಕನ್ನಡದಲ್ಲಿ ಸಾಮಗ್ರಿ ರಚಿಸಬಲ್ಲರು ಎಂಬುದಕ್ಕೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯೇ ನಿದರ್ಶನ.

ಪರದೆಯ ಮೇಲಿನ ಪದಗಳೂ ನೆರವಿನ ಒಂದು ಭಾಗವೇ. ಮೂಡಲ್‌ಗೆ ಕನ್ನಡ ಭಾಷಾ ಅನುವಾದವಿದ್ದರೂ ಅದು ಅಪೂರ್ಣ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಇರುವ ಪರದೆ ಹೊಸಬರನ್ನು ಇನ್ನಷ್ಟು ಗೊಂದಲಗೊಳಿಸುತ್ತದೆ. ‘ಸಲ್ಲಿಸು’, ‘ಕಡತ’, ‘ನೋಂದಣಿ’ ಎಂಬವು ಆಡಳಿತ ಕನ್ನಡದಿಂದಾಗಿ ಎಲ್ಲರಿಗೂ ಪರಿಚಿತ, ಅವನ್ನು ಬಳಸಬಹುದು. ‘ಅಸೈನ್‌ಮೆಂಟ್’ ಎಂಬುದಕ್ಕೆ ‘ನಿಯೋಜಿತ ಕಾರ್ಯ’ ಎಂದು ತಡವರಿಸುವ ಬದಲು ಶಾಲೆಯಲ್ಲಿ ಎಂದಿನಿಂದಲೂ ಇರುವ ‘ಮನೆಗೆಲಸ’ ಎಂದರೆ ಏನು ಕಡಿಮೆಯಾಗುತ್ತದೆ? ‘ಕ್ವಿಜ್’ ಮಾತ್ರ ಹಾಗೆಯೇ ಇರಲಿ. ಮಕ್ಕಳು ಅದನ್ನು ಕನ್ನಡವೆಂದೇ ಒಪ್ಪಿಕೊಂಡಿದ್ದಾರೆ.

ಕೊನೆಯದಾಗಿ, ವರ್ಗಾವಣೆಯ ವಿಚಾರ. ಸರ್ಕಾರಿ ಶಾಲೆಯ ಶಿಕ್ಷಕರು ಒಂದೆಡೆ ನೆಲೆಯೂರಿ ತರಗತಿಯೊಂದನ್ನು ಕಟ್ಟುವಷ್ಟರಲ್ಲಿ ಬೇರೆ ತಾಲ್ಲೂಕಿಗೆ ಹೋಗಬೇಕಾಗಬಹುದು. ಅವರ ಪಾಠಗಳು ಹಿಂದಿನ ಶಾಲೆಯ ಗಣಕದಲ್ಲೇ ಉಳಿದರೆ, ಪೆನ್‌ಡ್ರೈವ್‌ಗಳ ಕಥೆಯೇ ಮರುಕಳಿಸಿದಂತೆ. ಮೂಡಲ್‌ನಲ್ಲಿ ಇಡೀ ತರಗತಿಯನ್ನು ಒಂದೇ ಕಡತವಾಗಿ ಕಟ್ಟಿಕೊಂಡು ಬೇರೊಂದು ಮೂಡಲ್‌ನಲ್ಲಿ ಬಿಚ್ಚಿಕೊಳ್ಳುವ ಏರ್ಪಾಡು ಇದೆ. ಹಾಗೆ ಕಟ್ಟುವಾಗ ವಿದ್ಯಾರ್ಥಿಗಳ ಹೆಸರು, ಉತ್ತರ, ಅಂಕಗಳನ್ನು ಬಿಟ್ಟು ಪಾಠ ಮತ್ತು ಪ್ರಶ್ನೆಗಳನ್ನಷ್ಟೇ ಆರಿಸಿಕೊಳ್ಳಬಹುದು, ಆರಿಸಿಕೊಳ್ಳಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಅಂಕಪಟ್ಟಿ ಶಿಕ್ಷಕರ ಸ್ವಂತ ಕಡತದಲ್ಲಿ ಊರೂರು ತಿರುಗುವುದು ಸಲ್ಲದು. ಪಾಠದ ಒಂದು ಪ್ರತಿಯನ್ನು ಶಾಲೆಯಲ್ಲಿ ಬಿಟ್ಟು ಇನ್ನೊಂದನ್ನು ಜೊತೆಗೊಯ್ಯುವ ಈ ಕ್ರಮವನ್ನು ಶಿಕ್ಷಕರು ಬಿಡುಗಡೆ ಪತ್ರ ಪಡೆಯುವ ದಿನದ ಅವಸರಕ್ಕೆ ಬಿಡದೆ, ಮೊದಲ ತರಬೇತಿಯಲ್ಲೇ ಒಂದು ಪುಟದ ಪುಟ್ಟ ತರಗತಿಯ ಮೇಲೆ ಅಭ್ಯಾಸ ಮಾಡಿಸಬೇಕು. ಅದಕ್ಕೆ ಹತ್ತು ನಿಮಿಷ ಸಾಕು.